ಮುದಿ ಕುದುರೆ ಸೊರಗುವುದು ಸಹಜ ತಾನೇ?

ಮೈಸೂರಿನ ಹೊರವಲಯದಲ್ಲಿರುವ ನಮ್ಮ ತೋಟಕ್ಕೆ ಬಂದವರು ಬೇಲಿಯ ಹತ್ತಿರ ನಿಂತು ಕೇಳುತ್ತಾರೆ: "ಇಷ್ಟು ವಯಸ್ಸಾದ ಕುದುರೆ ಇಷ್ಟು ಮೈತುಂಬಿಕೊಂಡಿದೆಯಲ್ಲ, ಏನು ತಿನ್ನಿಸುತ್ತೀರಿ?" ಮೂರು ವರ್ಷದ ಹಿಂದೆ ಇದೇ ಬೇಲಿಯ ಹತ್ತಿರ ಇದೇ ಜನ ಬೇರೆ ಮಾತಾಡುತ್ತಿದ್ದರು. "ಪಾಪ, ಇದಕ್ಕೆ ಹೊಟ್ಟೆಗೆ ಹಾಕುವುದಿಲ್ಲವೇ?" ಸ್ವಲ್ಪ ಮರ್ಯಾದಸ್ಥರಾದರೆ, "ಬಿಡಿ, ಮುದಿ ಕುದುರೆ, ಸೊರಗುವುದು ಸಹಜ ತಾನೇ?" ಎಂದು ನನಗೇ ಸಮಾಧಾನ ಹೇಳಿ ಹೋಗುತ್ತಿದ್ದರು. ಎರಡು ಪ್ರಶ್ನೆಗೂ ನನ್ನ ಉತ್ತರ ಒಂದೇ. ಏನು ಹಾಕುತ್ತೇನೆ ಎನ್ನುವುದು ಆಮೇಲಿನ ಮಾತು. ಹಾಕಿದ್ದು ಎಲ್ಲಿಗೆ ಹೋಗುತ್ತಿದೆ ಎಂದು ಮೊದಲು ನೋಡಬೇಕು.

ಚೆಲುವಿಗೆ ಈಗ 26 ವರ್ಷ. ರೇಸಿನಲ್ಲಿ ಓಡುತ್ತಿದ್ದಾಗ ಅವಳಿಗೆ ಮೂರು ಪದಗಳ ಇಂಗ್ಲಿಷ್ ಹೆಸರಿತ್ತು. ಅದನ್ನು ಕರೆದರೆ ಅವಳೂ ತಿರುಗಿ ನೋಡುವುದಿಲ್ಲ. ರೇಸು ಮುಗಿದ ಮೇಲೆ ಸವಾರಿ ಕಲಿಸುವ ಶಾಲೆಯೊಂದರಲ್ಲಿ ಮಕ್ಕಳನ್ನು ಹೊತ್ತು, 19ನೇ ವಯಸ್ಸಿನಲ್ಲಿ ನಮ್ಮ ಮನೆಗೆ ಬಂದಳು. ನಾಲ್ಕು ವರ್ಷ ಚೆನ್ನಾಗಿಯೇ ಇದ್ದಳು. ಆ ಮೇಲೆ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಬೆನ್ನುಮೂಳೆ ಮಾಡಿನ ತೊಲೆಯ ಹಾಗೆ ಎದ್ದು ನಿಂತಿತು, ಪಕ್ಕೆಲುಬುಗಳನ್ನು ರಸ್ತೆಯಿಂದಲೇ ಎಣಿಸಬಹುದಾಗಿತ್ತು.

ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಇನ್ನಷ್ಟು ಹಾಕಿದೆ. ಎರಡು ಕಿಲೋ ಇದ್ದ ಗೋಧಿ ಬೂಸಾ ನಾಲ್ಕು ಕಿಲೋ ಆಯಿತು, ಹುಲ್ಲಿನ ಹೊರೆ ಒಂದರ ಬದಲು ಎರಡಾಯಿತು. ಹೊಟ್ಟೆ ಮಾತ್ರ ಮಡಕೆಯಂತೆ ಇಳಿಬಿತ್ತು. ಬೆನ್ನು ಇದ್ದ ಹಾಗೇ ಇತ್ತು.

ಆಗ ಬಂದವರು ನಮ್ಮ ಚಾಚಾ. ನಲವತ್ತು ವರ್ಷ ಮೈಸೂರಿನ ಬೀದಿಗಳಲ್ಲಿ ಜಟಕಾ ಓಡಿಸಿದವರು. ಮಂಡಿನೋವಿನಿಂದ ಗಾಡಿ ಮಾರಿದ ಮೇಲೂ ಕುದುರೆ ಕಂಡಲ್ಲಿ ನಿಲ್ಲದೆ ಮುಂದೆ ಹೋಗುವವರಲ್ಲ. ಅವರು ಕುದುರೆಯನ್ನು ನೋಡಲೇ ಇಲ್ಲ. ನೇರವಾಗಿ ಮೇವಿನ ತೊಟ್ಟಿಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು, ಕೆಳಗೆ ಬಿದ್ದ ಕಸವನ್ನು ಕಡ್ಡಿಯಿಂದ ಕೆದಕಿದರು. ನಿಂಬೆಹಣ್ಣಿನ ಗಾತ್ರದ, ಹಸಿರು ಕಂದು ಬಣ್ಣದ ಒದ್ದೆ ಉಂಡೆಯೊಂದನ್ನು ಎತ್ತಿ ನನ್ನ ಅಂಗೈಗೆ ಇಟ್ಟರು. ಹಿಸುಕಿದರೆ ಎಂಜಲು ಜಿನುಗಿತು, ಒಳಗೆ ಹುಲ್ಲಿನ ಎಳೆಗಳು ಹಗ್ಗದಂತೆ ಹೊಸೆದುಕೊಂಡಿದ್ದವು.

"ಇಂಥವು ದಿನಾ ಬೀಳುತ್ತವಾ ಅಮ್ಮಾ?"

ಬೀಳುತ್ತಿದ್ದವು. ದಿನಾ ಗುಡಿಸಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದವಳು ನಾನೇ.

"ಹಾಗಾದರೆ ನಿಮ್ಮ ಕುದುರೆ ತಿನ್ನುತ್ತಿಲ್ಲ. ಎಲೆ ಅಡಿಕೆ ಹಾಕಿಕೊಂಡ ಹಾಗೆ ಜಗಿದು ಉಗುಳುತ್ತಿದೆ."

ಕುದುರೆಯ ಹಲ್ಲಿನ ಲೆಕ್ಕ ನಮ್ಮ ಹಲ್ಲಿನಂತಲ್ಲ. ಎಳೆಯ ಕುದುರೆಯ ದವಡೆ ಹಲ್ಲು ಒಸಡಿನೊಳಗೆ ಬೆರಳುದ್ದ ಹೂತಿರುತ್ತದೆ. ಹುಲ್ಲು ಅರೆದು ಅರೆದು ಮೇಲೆ ಸವೆದಂತೆಲ್ಲ ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಹೊರಗೆ ಬರುತ್ತಾ ಹೋಗುತ್ತದೆ. ಸೀಸದ ಕಡ್ಡಿಯನ್ನು ಹೊರಗೆ ತಳ್ಳುತ್ತಾ ಬರೆಯುವ ಪೆನ್ಸಿಲ್ ಇದೆಯಲ್ಲ, ಹಾಗೆ. ಇಪ್ಪತ್ತು ದಾಟಿದ ಮೇಲೆ ಆ ಕಡ್ಡಿ ಮುಗಿಯುತ್ತಾ ಬರುತ್ತದೆ. ಜೊತೆಗೆ ಕುದುರೆಯ ಮೇಲ್ದವಡೆ ಕೆಳದವಡೆಗಿಂತ ಅಗಲ, ಅರೆಯುವುದೂ ಅಡ್ಡಡ್ಡಲಾಗಿ. ಹೀಗಾಗಿ ಮೇಲಿನ ಹಲ್ಲುಗಳ ಹೊರಅಂಚು ಕೆನ್ನೆಗೆ ಚುಚ್ಚುವಂತೆ, ಕೆಳಗಿನವುಗಳ ಒಳಅಂಚು ನಾಲಿಗೆಗೆ ಚುಚ್ಚುವಂತೆ ಚೂಪಾಗುತ್ತವೆ. ಒಂದು ಹಲ್ಲು ಬಿದ್ದುಹೋದರೆ ಅದರ ಎದುರಿನ ಹಲ್ಲು ತಡೆಯೇ ಇಲ್ಲದೆ ಗೂಟದಂತೆ ಬೆಳೆಯುತ್ತದೆ. ಅಷ್ಟು ನೋವಿಟ್ಟುಕೊಂಡು ಒಣಹುಲ್ಲು ಅರೆಯುವುದು ಹೇಗೆ?

ಇನ್ನೊಂದು ಪರೀಕ್ಷೆಯೂ ಚಾಚಾ ಹೇಳಿಕೊಟ್ಟದ್ದೇ, ಖರ್ಚಿಲ್ಲದ್ದು. ಹಿಡಿಯಷ್ಟು ಲದ್ದಿಯನ್ನು ಬಕೆಟ್ಟಿನ ನೀರಿನಲ್ಲಿ ಕಲಸಿ, ಹಳೆಯ ಜರಡಿಯಲ್ಲಿ ಸೋಸಿ ನೋಡುವುದು. ಉಳಿದ ನಾರು ಬೆರಳಿನ ಗೆಣ್ಣಿನಷ್ಟು ಉದ್ದವಿದ್ದರೆ, ಇಡೀ ಕಾಳುಗಳು ಸಿಕ್ಕರೆ, ಬಾಯಿಯಲ್ಲಿ ಆಗಬೇಕಾದ ಕೆಲಸ ಆಗಿಲ್ಲ ಎಂದರ್ಥ. ಚೆಲುವಿಯ ಜರಡಿಯಲ್ಲಿ ಹುರುಳಿ ಕಾಳುಗಳು ಬಿತ್ತನೆಗೆ ಇಟ್ಟಂತೆ ಪೂರ್ತಿಯಾಗಿ ಉಳಿದಿದ್ದವು.

ಕುದುರೆಯ ಹಲ್ಲು ನೋಡುವ ಪಶುವೈದ್ಯರು ಸಿಗುವುದು ಸುಲಭವಲ್ಲ, ರೇಸ್ ಕ್ಲಬ್ಬಿರುವ ಊರುಗಳ ಸುತ್ತ ವಿಚಾರಿಸಬೇಕು. ನಮಗೆ ಸಿಕ್ಕವರು ಮಂಪರಿನ ಇಂಜೆಕ್ಷನ್ ಕೊಟ್ಟು, ಬಾಯಿಗೆ ಕಬ್ಬಿಣದ ಚೌಕಟ್ಟು ತೊಡಿಸಿ, ಹಣೆಗೆ ದೀಪ ಕಟ್ಟಿಕೊಂಡು, ಮೊಣಕೈವರೆಗೆ ಕೈ ಹಾಕಿದರು. ಎಡಗೆನ್ನೆಯ ಒಳಗೆ ಹಲ್ಲು ಕೊರೆದು ರೂಪಾಯಿಯಗಲದ ಹುಣ್ಣಾಗಿತ್ತು. ಮೇಲಿನದೊಂದು ಹಲ್ಲು ಅಲುಗುತ್ತಿತ್ತು, ಅದನ್ನು ಕಿತ್ತರು. ಚೂಪು ಅಂಚುಗಳಿಗೆ ಮಾತ್ರ ಉದ್ದ ಹಿಡಿಯ ಅರ ಹಾಕಿ ಉಜ್ಜಿದರು. ಎಲ್ಲವನ್ನೂ ನುಣ್ಣಗೆ ಮಾಡಿಬಿಡಿ ಎಂದು ನಾನು ಆಸೆಬುರುಕಳಂತೆ ಹೇಳಿದೆ. ಅವರು ನಕ್ಕು, ಮುದಿ ಕುದುರೆಗೆ ಉಳಿದಿರುವ ಹಲ್ಲೇ ಸ್ವಲ್ಪ, ಅದನ್ನೂ ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ ಎಂದರು. ಈಗ ಆರು ತಿಂಗಳಿಗೊಮ್ಮೆ ಬಂದು ನೋಡುತ್ತಾರೆ.

ಅವರೇ ಕಲಿಸಿದ ಇನ್ನೊಂದು ಪಾಠ ಅಳತೆಯದು. ದಿನಾ ನೋಡುವ ಕಣ್ಣಿಗೆ ಸೊರಗುವುದೂ ಕಾಣುವುದಿಲ್ಲ, ತುಂಬಿಕೊಳ್ಳುವುದೂ ಕಾಣುವುದಿಲ್ಲ. ಆದ್ದರಿಂದ ಉದ್ದದ ಅಳತೆ ಟೇಪು ತಂದಿಟ್ಟುಕೊಂಡಿದ್ದೇನೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ, ಆ ಮೇಲೆ ಭುಜದ ಮುಂತುದಿಯಿಂದ ಪೃಷ್ಠದ ಕೊನೆಯವರೆಗಿನ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಸುಮಾರಾಗಿ ಕಿಲೋಗಳಲ್ಲಿ ಸಿಗುತ್ತದೆ. ಆ ದಿನ ಚೆಲುವಿಯ ಸುತ್ತಳತೆ 178, ಉದ್ದ 160. ಲೆಕ್ಕ 427 ಕಿಲೋ ಎಂದಿತು. ನಾಲ್ಕು ತಿಂಗಳ ನಂತರ ಸುತ್ತಳತೆ 184 ಆಗಿ, ತೂಕ 456ಕ್ಕೆ ಬಂತು. ಟೇಪಿನ ಜೊತೆ ಕೈಯನ್ನೂ ಆಡಿಸಬೇಕು. 1983ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹೆನೆಕೆ ಎನ್ನುವವರು ಮತ್ತು ಅವರ ಸಂಗಡಿಗರು ಕುದುರೆಯ ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುವ ಪದ್ಧತಿ ಮಾಡಿದರು. ಒಂದು ಎಂದರೆ ಅಸ್ಥಿಪಂಜರ, ಒಂಬತ್ತು ಎಂದರೆ ಬೊಜ್ಜು. ಐದರ ಆಸುಪಾಸಿನಲ್ಲಿದ್ದರೆ ಚೆನ್ನ: ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಸವರಿದರೆ ಕೈಗೆ ಸಿಗಬೇಕು. ಹೊಟ್ಟೆಯ ಗಾತ್ರಕ್ಕೆ ಇದರಲ್ಲಿ ಅಂಕವಿಲ್ಲ. ನಾನು ಹೊಟ್ಟೆ ನೋಡಿಯೇ ಮೋಸ ಹೋದದ್ದು.

ಸರಿ, ಏನು ಹಾಕುತ್ತೇನೆ? ಕುದುರೆಯ ಊಟ ಎಂದರೆ ಮೊದಲು ಹುಲ್ಲು. ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು, ಅದೂ ಒಣತೂಕದಲ್ಲಿ. 450 ಕಿಲೋದ ಕುದುರೆಗೆ ಏಳರಿಂದ ಒಂಬತ್ತು ಕಿಲೋ ಬೇಕು. ಹಸಿಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ಅದರಲ್ಲೇ ತುಂಬಿಸಹೊರಟರೆ ಮೂವತ್ತೈದು ನಲವತ್ತು ಕಿಲೋ ಆಗುತ್ತದೆ. "ದೊಡ್ಡ ಹೊರೆ ಹಾಕಿದ್ದೆವು" ಎನ್ನುವವರು ಒಮ್ಮೆ ತಕ್ಕಡಿಗೆ ಹಾಕಿ ನೋಡಲಿ.

ಚೆಲುವಿಗೆ ಹುಲ್ಲನ್ನು ಯಂತ್ರದಲ್ಲಿ ಸಣ್ಣಗೆ ಕತ್ತರಿಸುತ್ತೇನೆ. ಅದರ ಜೊತೆ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್. ಒಣಗಿಸಿ ಪುಡಿ ಮಾಡಿದ್ದು ಸಿಕ್ಕರೆ ನೆನೆಸಿ ಗಂಜಿಯಂತೆ ಕೊಡುತ್ತೇನೆ. ಹುರುಳಿಯಂತೂ ನಮ್ಮ ಕಡೆ ಕುದುರೆಗೆ ಹಿಂದಿನಿಂದ ಬಂದದ್ದು, ಇಂಗ್ಲಿಷಿನವರು ಆ ಕಾಳಿಗೆ ಹಾರ್ಸ್ ಗ್ರಾಮ್ ಎಂದೇ ಹೆಸರಿಟ್ಟರು. ಅದರಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಪ್ರೋಟೀನ್ ಇದೆ, ಕರಗಿದ ಬೆನ್ನಿನ ಸ್ನಾಯುವಿಗೆ ಅದು ಬೇಕು. ಆದರೆ ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವೂ ಇದೆ. ರಾತ್ರಿ ನೆನೆಸಿ ಬೆಳಿಗ್ಗೆ ಬೇಯಿಸಿದರೆ ಅದು ಹೋಗುತ್ತದೆ, ಹಲ್ಲಿಲ್ಲದ ಬಾಯಿಗೂ ಸುಲಭ. ದಿನಕ್ಕೆ ಒಂದು ಕಿಲೋ ಹುರುಳಿ ಬೇಯಿಸಿ, ಕಿವುಚಿ, ಮೇಲೆ ಎರಡು ಚಮಚ ಉಪ್ಪು, ಅಕ್ಕಿ ತೌಡಿನ ಎಣ್ಣೆ. ಎಣ್ಣೆ ಎಂದರೆ ಜನ ಬೆಚ್ಚುತ್ತಾರೆ. ಕುದುರೆಗೆ ಪಿತ್ತಕೋಶವೇ ಇಲ್ಲ ನಿಜ, ಆದರೆ ಪಿತ್ತರಸ ಸದಾ ಹರಿಯುತ್ತಲೇ ಇರುವುದರಿಂದ ಸ್ವಲ್ಪ ಎಣ್ಣೆಯನ್ನು ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ. ಎರಡು ಚಮಚದಿಂದ ಶುರು ಮಾಡಿ ಮೂರು ವಾರದಲ್ಲಿ 150 ಮಿಲಿಲೀಟರಿಗೆ ತಂದೆ. ಕರುಳಿನಲ್ಲಿ ನಾರನ್ನು ಕೊಳೆಸಿ ಕೊಡುವ ಸೂಕ್ಷ್ಮಜೀವಿಗಳು ಹೊಸ ಊಟಕ್ಕೆ ಒಗ್ಗಲು ಹತ್ತು ಹದಿನೈದು ದಿನವಾದರೂ ಬೇಕು. ಅವಸರ ಮಾಡಿದರೆ ಹೊಟ್ಟೆಶೂಲೆ ಖಂಡಿತ. ಜಠರ ಚಿಕ್ಕದು, ಆದ್ದರಿಂದ ಇದೆಲ್ಲವನ್ನೂ ನಾಲ್ಕು ಹೊತ್ತಿಗೆ ಹಂಚುತ್ತೇನೆ. ಬೆಳಿಗ್ಗೆ ಐದೂವರೆಯ ಬಾನಿ ಐದು ನಿಮಿಷ ತಡವಾದರೂ ಬಾಗಿಲಿಗೆ ಗೊರಸಿನಿಂದ ತಟ್ಟುತ್ತಾಳೆ.

ಬೂಸಾ ಈಗ ಹಿಡಿಯಷ್ಟು ಮಾತ್ರ, ರುಚಿಗೆ. ಅದರಲ್ಲಿ ರಂಜಕ ಸುಣ್ಣಾಂಶಕ್ಕಿಂತ ಹಲವು ಪಟ್ಟು ಹೆಚ್ಚು. ಸುಣ್ಣಾಂಶ ಸಾಲದೆ ಹೋದಾಗ ಮೈ ಅದನ್ನು ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ, ಮುಖದ ಮೂಳೆ ಮೆತ್ತಗಾಗಿ ಊದಿಕೊಳ್ಳುತ್ತದೆ. ನೇಪಿಯರ್‌ನಂಥ ಹುಲ್ಲುಗಳಲ್ಲಿರುವ ಆಕ್ಸಲೇಟ್ ಕೂಡ ಸುಣ್ಣಾಂಶವನ್ನು ಕಟ್ಟಿಹಾಕುತ್ತದೆ. ಎರಡನ್ನೂ ಒಟ್ಟಿಗೆ ಬುಟ್ಟಿಗಟ್ಟಲೆ ಸುರಿಯುತ್ತಿದ್ದ ನನ್ನ ಕಾಲದ ಬಗ್ಗೆ ಹೆಚ್ಚು ಹೇಳಲಾರೆ.

ಅದಕ್ಕಿಂತ ದೊಡ್ಡ ಅಪಾಯ ಕೊಟ್ಟಿಗೆಯಲ್ಲಿದೆ. ಹಸುವಿಗೆ ತಂದ ಚೀಲದಿಂದಲೋ ಕೋಳಿಯ ಚೀಲದಿಂದಲೋ ಎರಡು ಬೊಗಸೆ ಕುದುರೆಗೂ ಹಾಕುವವರಿದ್ದಾರೆ. ಕೆಲವು ಕೋಳಿ ಮತ್ತು ದನದ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ಕೋಳಿ, ದನಕ್ಕೆ ಏನೂ ಆಗದ ಪ್ರಮಾಣದಲ್ಲೇ ಅದು ಕುದುರೆಯ ಹೃದಯದ ಸ್ನಾಯುವನ್ನು ಕೊಲ್ಲುತ್ತದೆ. ಚೀಲದ ಮೇಲೆ ಏನು ಬರೆದಿದೆ ಎಂದು ಓದುವ ಗೋಜಿಗೇ ಹೋಗಬೇಡಿ, ಹಾಕಲೇಬೇಡಿ.

ಬಂದವರ ಪ್ರೀತಿಯೂ ಒಂದು ಅಪಾಯವೇ. ಒಂದು ಆಯುಧ ಪೂಜೆಯ ದಿನ ಯಾರೋ ಮಗುವಿನ ಕೈಯಿಂದ ಇಡೀ ಗಜ್ಜರಿ ತಿನ್ನಿಸಿದರು. ಹತ್ತು ನಿಮಿಷದಲ್ಲಿ ಚೆಲುವಿ ಕತ್ತು ನೀಡಿ ನಿಂತಳು, ಮೂಗಿನ ಎರಡೂ ಹೊಳ್ಳೆಗಳಿಂದ ಹಸಿರು ನೊರೆ. ಅನ್ನನಾಳದಲ್ಲಿ ತುಂಡು ಸಿಕ್ಕಿಕೊಂಡಿತ್ತು. ಉಸಿರಾಟಕ್ಕೆ ತೊಂದರೆ ಇರಲಿಲ್ಲ, ಆದರೆ ನೋಡುವವರ ಉಸಿರು ನಿಲ್ಲುತ್ತದೆ. ಬಾಯಿಗೆ ಎಣ್ಣೆ ಸುರಿಯಿರಿ ಎಂದರು ಒಬ್ಬರು, ನೀರು ಎಂದರು ಇನ್ನೊಬ್ಬರು. ಎರಡನ್ನೂ ಮಾಡಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಮೇವು ನೀರು ಎರಡನ್ನೂ ತೆಗೆದಿಟ್ಟು, ತಲೆ ಕೆಳಗೆ ಬಿಡಲು ಅವಕಾಶ ಕೊಟ್ಟು, ವೈದ್ಯರಿಗೆ ಫೋನ್ ಮಾಡಿದೆ. ಅವರು ಬಂದು ಮೂಗಿನ ಮೂಲಕ ಕೊಳವೆ ಇಳಿಸಿ ಬಿಡಿಸಿದರು. ಅಂದಿನಿಂದ ಗಜ್ಜರಿ ತುರಿದೇ ಕೊಡುವುದು, ಹಲ್ವಾಕ್ಕೆ ತುರಿಯುವ ಹಾಗೆ.

ಹಲ್ಲು ಸರಿಯಿದ್ದೂ ಸೊರಗಿದರೆ? ಜಂತುಹುಳುವಿಗೆ ಲದ್ದಿ ಪರೀಕ್ಷೆ ಮಾಡಿಸಿ ಔಷಧ ಕೊಡಿ, ಸುಮ್ಮನೆ ಅಂದಾಜಿಗೆ ಕುಡಿಸಬೇಡಿ. ಬೇಸಿಗೆ ಬಂದರೂ ಕೂದಲು ಉದುರದೆ ಕರಡಿಯಂತೆ ಉದ್ದವಾಗಿ ಉಳಿದರೆ, ಬೆನ್ನು ಕರಗಿ ಹೊಟ್ಟೆ ಇಳಿಬಿದ್ದರೆ, ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯ ಕಾಯಿಲೆ ಇರಬಹುದು. ಕುಷಿಂಗ್ ಎನ್ನುತ್ತಾರೆ. ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ಪರ್ಗೊಲೈಡ್ ಎಂಬ ಮಾತ್ರೆ ಇದೆ. ಅಂಥ ಕುದುರೆಗೆ ದಪ್ಪವಾಗಲೆಂದು ಬೆಲ್ಲ, ಅನ್ನ, ಬ್ರೆಡ್ಡು ತಿನ್ನಿಸಿದರೆ ಗೊರಸಿನೊಳಗೆ ಊತ ಬಂದು ನಿಲ್ಲಲಾರದೆ ಹೋಗುತ್ತದೆ. ಕಾಯಿಲೆಯೇ ಇಲ್ಲದ ಕಾರಣಗಳೂ ಇವೆ. ನಮ್ಮಲ್ಲಿ ಒಂದು ತುಂಟ ತಟ್ಟು, ಅಂದರೆ ಗಿಡ್ಡ ಕುದುರೆ ಇದೆ, ಅದು ಕಿವಿ ಹಿಂದಕ್ಕೆ ಮಾಡಿದರೆ ಸಾಕು, ಚೆಲುವಿ ತೊಟ್ಟಿ ಬಿಟ್ಟು ಸರಿಯುತ್ತಿದ್ದಳು. ಅವಳಿಗೆ ಒಂದು ಹೊತ್ತಿನ ಊಟಕ್ಕೆ ಒಂದು ಗಂಟೆ ಬೇಕು, ತಟ್ಟುವಿಗೆ ಹತ್ತು ನಿಮಿಷ. ನಡುವೆ ಎರಡು ಬಿದಿರು ಅಡ್ಡ ಕಟ್ಟಿದೆ. ಡಿಸೆಂಬರ್ ಚಳಿಯಲ್ಲಿ ತಣ್ಣೀರು ಹೆಚ್ಚು ಕುಡಿಯುವುದಿಲ್ಲ, ಉಗುರುಬೆಚ್ಚಗಿನದು ಇಟ್ಟರೆ ಬಕೆಟ್ಟು ಖಾಲಿ.

ಮೊನ್ನೆ ಮಂಡ್ಯದ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಮದುವೆಯ ಮೆರವಣಿಗೆಗೆ ಬಾಡಿಗೆ ಕೊಡುತ್ತಿದ್ದ ಬಿಳಿ ಕುದುರೆ, ಈಗ ಮುದಿಯಾಗಿ ಸೊರಗಿದೆ, ಯಾವ ಟಾನಿಕ್ ಕುಡಿಸಲಿ ಎಂದು ಕೇಳಿದರು. ಮೊದಲು ತೊಟ್ಟಿಯ ಕೆಳಗೆ ನೋಡಿ ಹೇಳಿ ಎಂದೆ. ಅವರಿಗೆ ಸ್ವಲ್ಪ ಬೇಸರವಾಯಿತು, ಫೋನ್ ಇಟ್ಟರು. ಸಂಜೆ ಮೊಬೈಲಿಗೆ ಒಂದು ಚಿತ್ರ ಬಂತು. ಹಳೆಯ ದಿನಪತ್ರಿಕೆಯ ಮೇಲೆ ಹಸಿರು ಉಂಡೆಗಳನ್ನು ಸಾಲಾಗಿ ಜೋಡಿಸಿ, ಗಾತ್ರ ಗೊತ್ತಾಗಲಿ ಎಂದು ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟಿದ್ದರು. ಎಣಿಸಿದೆ, ಹನ್ನೊಂದು ಇದ್ದವು. ಹಲ್ಲು ನೋಡುವ ವೈದ್ಯರ ನಂಬರು ಕಳುಹಿಸಿದೆ.