ನ್ಯೂಜಿಲೆಂಡ್ ದಕ್ಷಿಣ ದ್ವೀಪದಲ್ಲಿ ಒಬ್ಬರೇ ಕಾರು ಓಡಿಸುವವರಿಗೆ

ಅಲ್ಲೂ ನಮ್ಮಂತೆಯೇ ರಸ್ತೆಯ ಎಡಬದಿ, ಸ್ಟೀರಿಂಗ್ ಬಲಕ್ಕೆ. ಅದಕ್ಕೇ ನಮ್ಮವರಿಗೆ ಈ ದೇಶ ಸುಲಭ ಅನಿಸುತ್ತದೆ. ಆದರೆ ಅಲ್ಲಿ ತೊಂದರೆಗೆ ಸಿಕ್ಕಿಸುವುದು ರಸ್ತೆಯ ಬದಿಯಲ್ಲ. ಒಂದು ದಿನಕ್ಕೆ ಎಷ್ಟು ದೂರ ಓಡಿಸಬಹುದು ಎಂಬ ತಪ್ಪು ಲೆಕ್ಕ ಮತ್ತು ಇಲ್ಲಿಂದ ಹೊತ್ತೊಯ್ದ ಚಾಲನೆಯ ಅಭ್ಯಾಸಗಳು. ಪಕ್ಕದಲ್ಲಿ ದಾರಿ ನೋಡುವವರು, ಸ್ಟೀರಿಂಗ್ ಬದಲಾಯಿಸಿಕೊಳ್ಳುವವರು ಯಾರೂ ಇಲ್ಲದಾಗ ಎರಡೂ ಇನ್ನಷ್ಟು ದುಬಾರಿಯಾಗುತ್ತವೆ.

ಮೊದಲು ಕಾಗದಪತ್ರ. ಭಾರತೀಯರಿಗೆ ವಿಸಿಟರ್ ವೀಸಾ ಬೇಕು. ಡಿಎಲ್‌ನ ವಿವರಗಳೆಲ್ಲ ಇಂಗ್ಲಿಷಿನಲ್ಲಿದ್ದರೆ ಅದೇ ಸಾಕು, ಆದರೆ ಮೂಲ ಕಾರ್ಡೇ ಕೈಯಲ್ಲಿರಬೇಕು. ಮೊಬೈಲಿನ ಡಿಜಿಲಾಕರ್ ಪ್ರತಿಯನ್ನು ನಂಬಿ ಹೋಗಬೇಡಿ. ಹಳೆಯ ಕಾರ್ಡಿನಲ್ಲಿ ಅಕ್ಷರ ಅಳಿಸಿದ್ದರೆ ಹೊರಡುವ ಮೊದಲೇ ಹೊಸದು ಮಾಡಿಸಿ. ಆರ್‌ಟಿಓದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಮೂಲ ಡಿಎಲ್ ಜೊತೆಗಿಲ್ಲದಿದ್ದರೆ ಅದೊಂದಕ್ಕೇ ಬೆಲೆಯಿಲ್ಲ.

ಬಾಡಿಗೆ ಕಾರಿಗೆ ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಬೇಕಾಗುತ್ತದೆ. ಅನೇಕ ಕಂಪನಿಗಳು ಠೇವಣಿಗೆ ಡೆಬಿಟ್ ಕಾರ್ಡ್ ಒಪ್ಪುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಬಳಕೆ, ಟ್ಯಾಪ್ ಪಾವತಿ ಎರಡನ್ನೂ ಊರಲ್ಲೇ ಆನ್ ಮಾಡಿ, ಪಿನ್ ನೆನಪಿನಲ್ಲಿಡಿ. ಸಿಬ್ಬಂದಿಯೇ ಇಲ್ಲದ ಬಂಕುಗಳಲ್ಲಿ ಪಿನ್ ಇಲ್ಲದೆ ಪೆಟ್ರೋಲ್ ಬರುವುದಿಲ್ಲ. ಆ ಪಂಪುಗಳು ಮೊದಲು ದೊಡ್ಡ ಮೊತ್ತವೊಂದನ್ನು ತಡೆಹಿಡಿದು, ಹಾಕಿಸಿದಷ್ಟಕ್ಕೆ ಮಾತ್ರ ಆಮೇಲೆ ಲೆಕ್ಕ ಮಾಡುತ್ತವೆ; ಕಾರ್ಡಿನ ಮಿತಿ ಅಂಚಿನಲ್ಲಿದ್ದರೆ ರಾತ್ರಿಯ ಹೋಟೆಲ್ ಬಿಲ್ಲಿಗೆ ತೊಂದರೆಯಾದೀತು. ಎರಡು ಬೇರೆ ಬ್ಯಾಂಕಿನ ಕಾರ್ಡುಗಳಿರಲಿ.

ಇನ್ಶೂರೆನ್ಸ್‌ನಲ್ಲಿ ನೋಡಬೇಕಾದ್ದು 'ಎಕ್ಸೆಸ್', ಅಂದರೆ ಹಾನಿಯಾದರೆ ನಿಮ್ಮ ಜೇಬಿನಿಂದ ಹೋಗುವ ಮೊತ್ತ. ಮೂಲ ಪಾಲಿಸಿಯಲ್ಲಿ ಅದು ಸಾವಿರಾರು ನ್ಯೂಜಿಲೆಂಡ್ ಡಾಲರ್ ಇರುತ್ತದೆ. ದಿನಕ್ಕಿಷ್ಟು ಎಂದು ಹೆಚ್ಚುವರಿ ಕೊಟ್ಟು ಅದನ್ನು ಸೊನ್ನೆಗೆ ಇಳಿಸುವುದೇ ಒಬ್ಬಂಟಿ ಪ್ರಯಾಣಿಕರಿಗೆ ಸರಿ. ಹಾಗೆ ಮಾಡಿದರೂ ಗಾಜು, ಟಯರು, ಕಾರಿನ ತಳಭಾಗ ಅದರಲ್ಲಿ ಸೇರಿವೆಯೇ ಎಂದು ಓದಿ ನೋಡಿ. ಚಳಿಗಾಲದಲ್ಲಿ ಮಂಜಿನ ಮೇಲೆ ಜಾರದಂತೆ ರಸ್ತೆಗೆ ಸಣ್ಣ ಜಲ್ಲಿ ಹರಡುತ್ತಾರೆ. ಎದುರಿನ ಲಾರಿಯಿಂದ ಸಿಡಿದು ಬಂದ ಒಂದು ಕಲ್ಲು ಸಾಕು ಮುಂದಿನ ಗಾಜು ಬಿರುಕು ಬಿಡಲು. ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ರೋಡ್‌ನಂತಹ ಕೆಲವು ರಸ್ತೆಗಳಿಗೆ ಬಾಡಿಗೆ ಕಾರು ಒಯ್ದರೆ ಇನ್ಶೂರೆನ್ಸ್ ಅನ್ವಯಿಸುವುದಿಲ್ಲ. ಕಾರು ಪಡೆಯುವಾಗ ಸುತ್ತಲೂ ನಿಧಾನವಾಗಿ ವಿಡಿಯೋ ಮಾಡಿಕೊಳ್ಳಿ. ಆಟೋಮ್ಯಾಟಿಕ್ ಗೇರ್ ಕಾರನ್ನೇ ತೆಗೆದುಕೊಳ್ಳಿ.

ವಿಮಾನ ನಿಲ್ದಾಣದಲ್ಲಿ ತಿಂಡಿಯ ಪೊಟ್ಟಣ ಯಾವುದೇ ಇದ್ದರೂ ಡಿಕ್ಲೇರ್ ಮಾಡಿ. ಚಕ್ಕುಲಿ, ಚಟ್ನಿಪುಡಿಯನ್ನು ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಂಡಾರು. ಬಚ್ಚಿಟ್ಟು ಸಿಕ್ಕಿದರೆ 400 ಡಾಲರ್ ದಂಡ. ಜೇನು, ತಾಜಾ ಹಣ್ಣು, ಸೊಪ್ಪು, ಬಿತ್ತನೆ ಬೀಜ ಬೇಡವೇ ಬೇಡ. ಚಾರಣದ ಬೂಟಿನ ಅಡಿಯಲ್ಲಿ ಮಣ್ಣಿರಬಾರದು.

ಇಳಿದ ದಿನವೇ ದೂರದ ದಾರಿ ಹಿಡಿಯಬೇಡಿ. ಅಲ್ಲಿನ ಬೇಸಿಗೆಯಲ್ಲಿ ನಮಗೂ ಅವರಿಗೂ ಏಳೂವರೆ ಗಂಟೆ ಅಂತರ: ಕ್ರೈಸ್ಟ್‌ಚರ್ಚ್‌ನಲ್ಲಿ ಬೆಳಿಗ್ಗೆ 9 ಆದಾಗ ಬೆಂಗಳೂರಿನಲ್ಲಿ ರಾತ್ರಿ ಒಂದೂವರೆ. ಮೈ ಇನ್ನೂ ನಿದ್ದೆಯ ಹೊತ್ತಿನಲ್ಲಿರುತ್ತದೆ. ಮೊದಲ ರಾತ್ರಿ ಊರಲ್ಲೇ ಕಳೆದು ಮರುದಿನ ಕಾರು ಪಡೆಯಿರಿ.

ದಾರಿಗೆ ಕ್ರೈಸ್ಟ್‌ಚರ್ಚ್‌ನಿಂದ ಹೊರಟು ಅಲ್ಲಿಗೇ ಮರಳುವ ಸುತ್ತು ಚೆನ್ನ, ಕಾರನ್ನು ಬೇರೆ ಊರಲ್ಲಿ ಬಿಡುವ ಶುಲ್ಕ ಉಳಿಯುತ್ತದೆ. ಟೆಕಾಪೊ ಸುಮಾರು 225 ಕಿ.ಮೀ. ಅಲ್ಲಿಂದ ಪುಕಾಕಿ ಸರೋವರದ ದಂಡೆ ಹಿಡಿದು ಔರಾಕಿ ಮೌಂಟ್ ಕುಕ್ ಹಳ್ಳಿಗೆ 105. ಆಮೇಲೆ 971 ಮೀಟರ್ ಎತ್ತರದ ಲಿಂಡಿಸ್ ಪಾಸ್ ದಾಟಿ ವಾನಕ. ಕ್ರೌನ್ ರೇಂಜ್ ಇಳಿದರೆ ಕ್ವೀನ್ಸ್‌ಟೌನ್. ಅಲ್ಲಿಂದ ಟೆ ಅನೌಗೆ 170. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಾದ ಮಿಲ್ಫೋರ್ಡ್ ಸೌಂಡ್ ನೋಡಿಕೊಂಡು ವಾನಕಕ್ಕೆ ಹಿಂದಿರುಗಿ, ಹಾಸ್ಟ್ ಮೂಲಕ ಪಶ್ಚಿಮ ಕರಾವಳಿ, ಕೊನೆಗೆ ಆರ್ಥರ್ಸ್ ಪಾಸ್. ಹನ್ನೆರಡು ದಿನಕ್ಕಿಂತ ಕಡಿಮೆ ಇದ್ದರೆ ಪಶ್ಚಿಮ ಕರಾವಳಿಯನ್ನು ಬಿಟ್ಟುಬಿಡಿ, ಅವಸರದಲ್ಲಿ ಮಿಲ್ಫೋರ್ಡ್, ಕರಾವಳಿ ಎರಡನ್ನೂ ಹಾಳು ಮಾಡಿಕೊಳ್ಳಬೇಡಿ.

ಹೆದ್ದಾರಿಯ ಮಿತಿ ಗಂಟೆಗೆ 100 ಕಿ.ಮೀ. ನಿಜ, ಆದರೆ ಹೆಚ್ಚಿನ ಕಡೆ ಇರುವುದು ಆ ಕಡೆಗೊಂದು, ಈ ಕಡೆಗೊಂದು ಲೇನ್ ಮಾತ್ರ, ಅದೂ ತಿರುವುಗಳ ರಸ್ತೆ. ನಿಲುಗಡೆಗಳೂ ಸೇರಿದರೆ ಗಂಟೆಗೆ 60ರ ಲೆಕ್ಕ ಇಟ್ಟುಕೊಳ್ಳಿ. ಮ್ಯಾಪ್ ತೋರಿಸುವ ಸಮಯಕ್ಕೆ ಮೂರನೇ ಒಂದು ಪಾಲು ಸೇರಿಸಿ. ದಿನಕ್ಕೆ ಸ್ಟೀರಿಂಗ್ ಹಿಂದೆ ನಾಲ್ಕು ಗಂಟೆ ಸಾಕು. ತಿರುವಿನ ಮುಂಚೆ ಹಳದಿ ಫಲಕದಲ್ಲಿ 35, 45 ಎಂದು ಬರೆದಿದ್ದರೆ ಅದು ಸಲಹೆ ಮಾತ್ರ ಎಂದು ಹಗುರವಾಗಿ ನೋಡಬೇಡಿ.

ಏಕಪಥ ಸೇತುವೆಗಳು ಈ ದಾರಿಯ ಮುಖ್ಯ ಪಾಠ. ಕೆಂಪು ಅಂಚಿನ ದುಂಡು ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ, ಕೆಂಪಾಗಿದ್ದರೆ ಎದುರಿನಿಂದ ಬರುವವರಿಗೆ ನೀವು ದಾರಿ ಬಿಡಬೇಕು. ನೀಲಿ ಫಲಕದಲ್ಲಿ ನಿಮ್ಮ ಬಾಣ ದೊಡ್ಡದಾಗಿ, ಬಿಳಿಯಾಗಿದ್ದರೆ ಆದ್ಯತೆ ನಿಮ್ಮದು. ಎದುರಿನವರು ಆಗಲೇ ಸೇತುವೆ ಹತ್ತಿದ್ದರೆ ಮಾತ್ರ ಕಾಯಬೇಕು. ಹಾಸ್ಟ್ ನದಿಯ ಸೇತುವೆ 700 ಮೀಟರಿಗೂ ಉದ್ದ, ಎದುರಾದವರು ಪಕ್ಕಕ್ಕೆ ಸರಿಯಲು ನಡುವೆ ಜಾಗ ಬಿಟ್ಟಿದ್ದಾರೆ. ನಮ್ಮ ಘಾಟಿಗಳಲ್ಲಿ ಡಿಪ್ಪರ್ ಹೊಡೆದರೆ 'ನಾನು ಬರುತ್ತಿದ್ದೇನೆ, ತಡಿ' ಎಂದರ್ಥ. ಅಲ್ಲಿ 'ನೀವು ಬನ್ನಿ' ಎಂದು ತಿಳಿಯುವವರೇ ಹೆಚ್ಚು. ಹಾಗಾಗಿ ಡಿಪ್ಪರ್ ಮುಟ್ಟಬೇಡಿ. ಹಾರ್ನ್ ಕೂಡ ಅಪಾಯವಿದ್ದರೆ ಮಾತ್ರ, ಬೇರೆ ವೇಳೆ ಅದು ಬೈದಂತೆ.

ನಿಮ್ಮ ಬದಿಗೆ ಹಳದಿ ಗೆರೆ ಇದ್ದಲ್ಲಿ ಓವರ್‌ಟೇಕ್ ಇಲ್ಲ. ಹಿಂದೆ ಮೂರ್ನಾಲ್ಕು ಕಾರು ಸೇರಿದರೆ ಜಾಗ ಸಿಕ್ಕಿದಲ್ಲಿ ಎಡಕ್ಕೆ ಸರಿದು ಬಿಟ್ಟುಕೊಡಿ. ಫೋಟೋಗೆ ನಿಲ್ಲುವಾಗ ಕಾರು ಪೂರ್ತಿ ರಸ್ತೆಯಿಂದ ಆಚೆ ಇರಬೇಕು. ವೃತ್ತಗಳಲ್ಲಿ ಬಲದಿಂದ ಬರುವವರಿಗೆ ದಾರಿ. ಕೆಂಪು ದೀಪ ಇರುವಾಗ ಎಡಕ್ಕೂ ತಿರುಗುವಂತಿಲ್ಲ. ಜಲ್ಲಿ ರಸ್ತೆಯಲ್ಲಿ ಗಟ್ಟಿ ಬ್ರೇಕ್ ಹಾಕಿದರೆ ಕಾರು ಜಾರುತ್ತದೆ, ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳಿ.

ಅತಿ ಹೆಚ್ಚು ತಯಾರಿ ಬೇಡುವುದು ಮಿಲ್ಫೋರ್ಡ್ ದಾರಿ. ಟೆ ಅನೌನಿಂದ ಸುಮಾರು 120 ಕಿ.ಮೀ., ನಿಲ್ಲದೆ ಹೋದರೂ ಎರಡರಿಂದ ಎರಡೂವರೆ ಗಂಟೆ. ಟ್ಯಾಂಕ್ ಟೆ ಅನೌನಲ್ಲೇ ತುಂಬಿಸಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ದಾರಿಯುದ್ದಕ್ಕೂ ನೆಟ್‌ವರ್ಕ್ ಇಲ್ಲವೆಂದೇ ಹೊರಡಿ. 1954ರಲ್ಲಿ ತೆರೆದ ಹೋಮರ್ ಸುರಂಗ 1.2 ಕಿ.ಮೀ. ಉದ್ದ, ಒಳಗೆ ಕತ್ತಲೆ, ಇಳಿಜಾರು. ಒಳಹೋಗುವ ಮೊದಲೇ ತಂಪು ಕನ್ನಡಕ ತೆಗೆದು ಹೆಡ್‌ಲೈಟ್ ಹಾಕಿ. ಸುರಂಗದ ಬಾಯಲ್ಲಿ ಕಾಯುವಾಗ ಕಿಯಾ ಗಿಳಿಗಳು ವೈಪರ್, ಬಾಗಿಲಿನ ರಬ್ಬರ್ ಕಿತ್ತುಹಾಕುತ್ತವೆ, ತಿಂಡಿ ಹಾಕಿ ಕರೆಯಬೇಡಿ. ಮೇನಿಂದ ನವೆಂಬರ್‌ವರೆಗೆ ಹಿಮದ ಸರಪಳಿ ಜೊತೆಗಿರಲಿ, ಟಯರಿಗೆ ಹಾಕುವುದನ್ನು ಬಾಡಿಗೆಗೆ ಕೊಡುವವರಿಂದಲೇ ಕಲಿತುಕೊಳ್ಳಿ. ಹಿಮಕುಸಿತದ ಅಪಾಯವಿದ್ದರೆ ರಸ್ತೆಯನ್ನೇ ಮುಚ್ಚುತ್ತಾರೆ. ಮಿಲ್ಫೋರ್ಡ್‌ನಲ್ಲಿ ವರ್ಷಕ್ಕೆ 6 ಮೀಟರಿಗೂ ಹೆಚ್ಚು ಮಳೆ, ಹೆಚ್ಚುಕಡಿಮೆ ಆಗುಂಬೆಯಷ್ಟು. ಆದರೆ ಅಲ್ಲಿ ಮಳೆಗಾಲ ಅಂತ ಬೇರೆ ಇಲ್ಲ, ಯಾವ ತಿಂಗಳಾದರೂ ಸುರಿಯಬಹುದು. ಟೆ ಅನೌನಲ್ಲಿ ಎರಡು ರಾತ್ರಿ ಇಟ್ಟುಕೊಂಡರೆ ದಿನ ಬದಲಿಸಲು ಅವಕಾಶ ಇರುತ್ತದೆ.

ಪಶ್ಚಿಮ ಕರಾವಳಿಗೂ ಇದೇ ಮಾತು. ಫ್ರಾಂಜ್ ಜೋಸೆಫ್ ಬಳಿ ವೈಹೊ ನದಿಯ ಸೇತುವೆ 2019ರ ಮಾರ್ಚ್ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಅಲ್ಲಿ ರಸ್ತೆ ಕಡಿದರೆ ಹತ್ತಿರದ ಬದಲಿ ದಾರಿಯೇ ಇಲ್ಲ, ದ್ವೀಪವನ್ನೇ ಸುತ್ತಿ ಬರಬೇಕು. ಆದ್ದರಿಂದ ವಿಮಾನದ ಹಿಂದಿನ ರಾತ್ರಿ ಕ್ರೈಸ್ಟ್‌ಚರ್ಚ್‌ನಲ್ಲೇ ಇರಿ, ಸಾಧ್ಯವಾದರೆ ಎರಡು ರಾತ್ರಿ. ಪ್ರತಿ ಬೆಳಿಗ್ಗೆ ರಸ್ತೆಗಳ ಸ್ಥಿತಿಗೆ ಎನ್‌ಝಡ್‌ಟಿಎ ಜರ್ನಿ ಪ್ಲಾನರ್, ಹವಾಮಾನಕ್ಕೆ ಮೆಟ್‌ಸರ್ವಿಸ್ ಜಾಲತಾಣ ನೋಡಿ. ಇಂದಿನ ದಾರಿ, ತಲುಪುವ ಹೊತ್ತನ್ನು ಮನೆಯ ಒಬ್ಬರಿಗೆ ಕಳಿಸಿ. ಜೂನ್‌ನಲ್ಲಿ ಸಂಜೆ ಐದಕ್ಕೇ ಕತ್ತಲೆ, ಅದರೊಳಗೆ ತಂಗುವ ಊರು ಸೇರಿ. ತುರ್ತಿಗೆ 111.

ಕಾರು ಮರಳಿಸುವ ಮೊದಲು ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ, ಸೀಟಿನಡಿ ಕೈಹಾಕಿ ನೋಡಿ, ಮತ್ತೊಮ್ಮೆ ವಿಡಿಯೋ ಮಾಡಿ. ಕ್ಯಾಮೆರಾಗೆ ಸಿಕ್ಕ ವೇಗದ ದಂಡ ವಾರಗಳ ನಂತರವೂ ಕಂಪನಿಯ ಸೇವಾ ಶುಲ್ಕದೊಂದಿಗೆ ಕಾರ್ಡಿಗೆ ಬೀಳಬಹುದು, ಊರಿಗೆ ಬಂದ ಮೇಲೂ ಒಂದೆರಡು ತಿಂಗಳು ಬಿಲ್ ಗಮನಿಸುತ್ತಿರಿ.