ಗುರ್ ಅನ್ನೋದನ್ನ ನಿಲ್ಲಿಸಿದ ಕತೆ

ನಮ್ಮನೆ ಕರಿಯ ಊರ್ನಾಯಿ, ತೋಟಕ್ಕೆ ಬರೋ ಮಂಗ ಓಡ್ಸೋಕೆ ಅಂತ ಮರಿ ಇದ್ದಾಗ್ಲೇ ತಂದಿದ್ದು. ಮಂಗನ ವಿಷ್ಯದಲ್ಲಿ ಏನೂ ತಕರಾರಿಲ್ಲ, ತಕರಾರು ಊಟದ್ದು. ಕೊಟ್ಟಿಗೆ ಪಕ್ಕ ಅಡಕೆ ಹಾಳೇಲಿ ಅನ್ನ ಹಾಕಿದ್ಮೇಲೆ ಯಾರಾದ್ರೂ ಹತ್ರ ಹಾದ್ರೆ ಸಾಕು, ಬಾಯಿ ಎತ್ತದೆ ಕಣ್ಣು ಮಾತ್ರ ಓರೆ ಮಾಡಿ ಗುರ್ರ್ ಅಂತಿದ್ದ.

ಶಿವಮೊಗ್ಗದಿಂದ ಒಬ್ರು ಟ್ರೈನರ್ ಕರ್ಸಿದೆ. ಜಗಲಿ ಮೇಲೆ ಕಾಫಿ ಕುಡೀತಾ, "ತೋಳದ ಗುಂಪಿಗೆ ಒಬ್ಬ ಆಲ್ಫಾ, ಅಂದ್ರೆ ಯಜಮಾನ ಇರ್ತಾನೆ ಸಾರ್, ನಿಮ್ಮನೇಲಿ ನಾಯೀನೇ ಆಲ್ಫಾ ಆಗ್ಬಿಟ್ಟಿದೆ, ಮಗುಚಿ ಹಾಕಿ ಕುತ್ತಿಗೆ ಒತ್ತಿ ಹಿಡೀರಿ, ಸೋತೆ ಅನ್ನೋವರ್ಗೂ ಬಿಡ್ಬೇಡಿ" ಅಂದ್ರು. ನಮ್ ಕಡೆ ಕಾಡಲ್ಲಿರೋದು ಸೀಳುನಾಯಿ, ತೋಳ ನಾನು ಕಂಡಿದ್ದೇ ಇಲ್ಲ, ಆದ್ರೂ ತಲೆ ಆಡ್ಸಿದೆ. ಅಂಗಳದಲ್ಲೇ ಮಗುಚಿದೆ. ಮೊದ್ಲು ಒದ್ದಾಡಿದ, ಆಮೇಲೆ ಬಾಲ ಹೊಟ್ಟೆಗೆ ಅಂಟಿಸ್ಕೊಂಡು, ಕಣ್ಣಿನ ಬಿಳಿ ಕಾಣೋ ಹಾಗೆ ಎತ್ಲಾಗೋ ನೋಡ್ತಾ ಉಚ್ಚೆ ಹೊಯ್ಕೊಂಡ. "ಶರಣಾದ ನೋಡಿ" ಅಂದ್ರು ಟ್ರೈನರ್. ಒಳಗಿಂದ ಅಮ್ಮ, "ಎಂತ ಶರಣು ಮಾರಾಯ, ಹೆದ್ರಿ ಸಾಯ್ತಾ ಇದೆ ಅದು" ಅಂದ್ಲು.

ಹತ್ತು ದಿನ ಹೀಗೇ ಮಾಡಿದೆ. ಗುರ್ ಅನ್ನೋದು ನಿಂತೇ ಹೋಯ್ತು, ಊರಿಗೆಲ್ಲ ಹೇಳ್ಕೊಂಡು ಬಂದೆ. ಹನ್ನೊಂದನೇ ದಿನ ಹಾಳೆ ಸರ್ಸೋಕೆ ಕೈ ಹಾಕಿದ್ರೆ ಸದ್ದಿಲ್ಲ ಸುದ್ದಿಲ್ಲ, ಗಬಕ್ಕಂತ ಕಚ್ಚಿದ. ತೀರ್ಥಹಳ್ಳಿಗೆ ಹೋಗಿ ಇಂಜೆಕ್ಷನ್, ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ, ಅದೂ ಆ ಜಡಿಮಳೇಲಿ.

ಆಸ್ಪತ್ರೆ ಬೆಂಚಲ್ಲಿ ಕೂತು ಮೊಬೈಲ್ ತೆಗ್ದು ನೋಡ್ತೀನಿ, ಈ ಆಲ್ಫಾ ಪುರಾಣದ ಬೇರು ಸಿಕ್ಕಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಝೂನಲ್ಲಿ. ರುಡಾಲ್ಫ್ ಶೆಂಕೆಲ್ ಅನ್ನೋರು ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳ ಜಗಳ ನೋಡಿ 1947ರಲ್ಲಿ ಬರ್ದಿದ್ದು. 1970ರ ತಮ್ಮ ಪುಸ್ತಕದಲ್ಲಿ ಅದನ್ನ ಜನಪ್ರಿಯ ಮಾಡಿದ ಡೇವಿಡ್ ಮೆಕ್ ಅವ್ರೇ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 13 ಬೇಸಿಗೆ ಕಾಡುತೋಳಗಳ ಹಿಂದೆ ಅಲೆದು, 1999ರಲ್ಲಿ ಗುಂಪು ಅಂದ್ರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು ಅಷ್ಟೇ, ಈ ಆಲ್ಫಾ ಅನ್ನೋ ಮಾತು ಸರಿಯಲ್ಲ ಅಂತ ಬರೆದ್ರು. ಅದೂ ತೋಳದ ಮಾತಾಯ್ತು, ನಮ್ ಕರಿಯ ತೋಳಾನೂ ಅಲ್ಲ. ಗುರ್ ಅಂದಿದ್ದು ಆಗುಂಬೆ ಘಾಟಿ ತಿರುವಲ್ಲಿ ಬಸ್ಸು ಹಾರ್ನ್ ಹೊಡ್ದಂಗೆ, ನಾನು ಹಾರ್ನ್ ಕಿತ್ತಾಕಿ ಬಸ್ಸೇ ಬರ್ತಿಲ್ಲ ಅಂದ್ಕೊಂಡಿದ್ದೆ.

ಅಮ್ಮ ಯಾರನ್ನೂ ಕೇಳ್ಲಿಲ್ಲ. ಅವನು ಉಣ್ತಿರುವಾಗ ದೂರದಿಂದ ಹಾದು ಹೋಗ್ತಾ ಒಂದು ಚೂರು ಕಡುಬು ಎಸೀತಿದ್ಲು, ಹಾಳೆ ಮುಟ್ತಿರ್ಲಿಲ್ಲ, ದಿನಾ ಒಂದ್ ಹೆಜ್ಜೆ ಹತ್ರ. ದೀಪಾವಳಿ ಹೊತ್ತಿಗೆ ಅಮ್ಮನ ಸೀರೆ ಸೆರಗು ಕಂಡ್ರೆ ಸಾಕು, ಅನ್ನ ಬಿಟ್ಟು ಬಾಲ ಆಡ್ಸೋಕೆ ಶುರು ಮಾಡ್ದ.

ನನ್ ಹತ್ರಾನೂ ಬರ್ತಾನೆ. ಆದ್ರೆ ಚಪ್ಪಲಿ ಹಾಕ್ಕೊಳೋಕೆ ಅಂತ ಬಗ್ಗಿದ್ರೆ ಈಗ್ಲೂ ಎರಡ್ ಹೆಜ್ಜೆ ಹಿಂದಕ್ಕೆ ಸರೀತಾನೆ.