ಉಳ್ಳಾಲ ನೋಡಲು ಮಧ್ಯಾಹ್ನ ಮೂರಕ್ಕೇ ಹೊರಡಿ

ಮಂಗಳೂರಿಗೆ ಬಂದವರು ಪಕ್ಕದ ಕಡಲೂರು ಉಳ್ಳಾಲಕ್ಕೆ ಹೊರಡುವುದು ಸಾಮಾನ್ಯವಾಗಿ ಸಂಜೆ ಐದೂವರೆಗೆ. ತೊಕ್ಕೊಟ್ಟಿನ ಟ್ರಾಫಿಕ್ಕಿನಲ್ಲೇ ಸೂರ್ಯ ಮುಳುಗಿರುತ್ತಾನೆ. ಡಿಸೆಂಬರಿನಲ್ಲಂತೂ ಆರೂಕಾಲರೊಳಗೆ ಆಟ ಮುಗಿಯಿತು.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ 44ರ ಸಿಟಿ ಬಸ್ ಹತ್ತಿ. ನೇತ್ರಾವತಿ ದಾಟಿದ ಮೇಲೆ ತೊಕ್ಕೊಟ್ಟಿನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ, ಕಡಲಿನ ಕಡೆ ತಿರುಗಬೇಕು. ತಲಪಾಡಿಯ ಬಸ್ ನೇರ ಹೋಗುತ್ತದೆ. ಅದನ್ನು ಹತ್ತಿದ್ದರೆ ತೊಕ್ಕೊಟ್ಟಿನಲ್ಲಿ ಇಳಿದುಬಿಡಿ.

ಪೇಟೆಯಲ್ಲಿ ಪೋರ್ಚುಗೀಸರ ವಿರುದ್ಧ ಹೋರಾಡಿದ ರಾಣಿ ಅಬ್ಬಕ್ಕನ ಪ್ರತಿಮೆ ಇದೆ. ಅವಳ ವಂಶದವರಾದ ಚೌಟರದು ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಹಕ್ಕು ಬರುವ ಮನೆತನ; ಉಳ್ಳಾಲ ಅವರ ಬಂದರು. ಪೋರ್ಚುಗೀಸರು 1555ರಲ್ಲೂ 1568ರಲ್ಲೂ ಇದರ ಮೇಲೆ ಬಿದ್ದರು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡದ್ದು 1623ರಲ್ಲಿ. ಬರಿಗಾಲಲ್ಲಿ ಕಾಲುವೆ ಕೆಲಸ ನೋಡಲು ಹೊರಟಿದ್ದಳಂತೆ. 1555ರಿಂದ ಅಲ್ಲಿಗೆ 68 ವರ್ಷ! ಅಬ್ಬಕ್ಕ ಒಬ್ಬಳಲ್ಲ, ಒಬ್ಬರಿಗಿಂತ ಹೆಚ್ಚು ರಾಣಿಯರಿಗೆ ಆ ಹೆಸರಿತ್ತು ಎಂಬ ವಾದ ಇಲ್ಲಿಂದಲೇ ಬಲ ಪಡೆಯುತ್ತದೆ. ದೊಡ್ಡ ಕೋಟೆ ನಿರೀಕ್ಷಿಸಿ ಬಂದರೆ ನಿರಾಶೆ. ಉಳಿದಿರುವುದು ಸೋಮೇಶ್ವರದ ಆಸುಪಾಸಿನಲ್ಲಿ ಚೂರುಪಾರು ಗೋಡೆ.

ಸೈಯದ್ ಮದನಿ ದರ್ಗಾಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ತಲೆಗೆ ಬಟ್ಟೆ, ಮೈತುಂಬ ಉಡುಪು ಇರಲಿ. ಶುಕ್ರವಾರ ಮಧ್ಯಾಹ್ನ ಬೇಡ, ನಮಾಜಿನ ಜನ ತುಂಬಿರುತ್ತಾರೆ. ಐದು ವರ್ಷಕ್ಕೊಮ್ಮೆ ಉರೂಸ್. ಆ ದಿನಗಳಲ್ಲಿ ವಾಹನವನ್ನು ತೊಕ್ಕೊಟ್ಟಿನ ಆಚೆಯೇ ಬಿಡುವುದು ಜಾಣತನ.

ಕೊನೆಗೆ ಸೋಮೇಶ್ವರ. ಕಡಲಂಚಿನ ಬಂಡೆಯ ಮೇಲೆ ದೇವಸ್ಥಾನ, ಕೆಳಗೆ ರುದ್ರಪಾದೆ ಎಂಬ ಬಂಡೆ. ಇಲ್ಲಿ ಇಳಿತದ ಹೊತ್ತು ನೋಡಿಕೊಂಡು ಬನ್ನಿ. ಭರತದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಹೊತ್ತು ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಹಾಗಾಗಿ ಈ ಸಂಜೆ ಆರಕ್ಕೆ ಒಣಗಿದ್ದ ಬಂಡೆ ಮುಂದಿನ ವಾರ ಅದೇ ಹೊತ್ತಿಗೆ ನೀರೊಳಗಿರಬಹುದು. ಕಪ್ಪಗೆ ಹೊಳೆಯುವ ಬಂಡೆಗೆ ಕಾಲಿಡಬೇಡಿ, ಅದು ಪಾಚಿ. ಸೆಲ್ಫಿಗೆಂದು ಕಡಲಿಗೆ ಬೆನ್ನು ಹಾಕಿ ನಿಂತವರನ್ನೇ ದೊಡ್ಡ ಅಲೆ ಎಳೆಯುವುದು.

ಈಜಲು ಇದು ಜಾಗವಲ್ಲ. ದಡ ಕಡಿದಾಗಿದೆ, ಅಪ್ಪಳಿಸಿದ ನೀರು ಕಿರಿದಾದ ಜಾಡಿನಲ್ಲಿ ರಭಸದಿಂದ ಮರಳುತ್ತದೆ. ಸಿಕ್ಕಿಬಿದ್ದರೆ ದಡದತ್ತ ನೇರ ಹೊಡೆದಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಸರಿಯಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ನೀರಿನ ಹತ್ತಿರವೂ ಸುಳಿಯಬಾರದು.

ಮೊಗವೀರಪಟ್ಣದ ಕಡೆ ದಡಕ್ಕೆ ಸುರಿದ ಕಲ್ಲುರಾಶಿ ಕಾಣುತ್ತದೆ. ಇಲ್ಲಿ ಕಡಲ್ಕೊರೆತ ಮನೆಗಳನ್ನೇ ನುಂಗಿದೆ. ಕಲ್ಲುಗಳ ನಡುವಿನ ಸಂದಿಯಲ್ಲಿ ಪಾದ ಸಿಕ್ಕಿ ಉಳುಕುವುದು ಮಾಮೂಲು; ಹವಾಯಿ ಚಪ್ಪಲಿಯಲ್ಲಿ ಹತ್ತಬೇಡಿ. ನದಿ ಕಡಲು ಸೇರುವ ಅಳಿವೆ ನೋಡಲು ಕೋಟೆಪುರದವರೆಗೆ ಹೋಗಬಹುದು, ಮೀನಿನೆಣ್ಣೆ ಕಾರ್ಖಾನೆಗಳ ವಾಸನೆ ತಡೆಯುವವರಾದರೆ. ಊಟದ ಮೊದಲೇ ಹೋಗಿ.